ಮ್ಯೂನಿಕ್‌ನಲ್ಲಿ ಕಾರು ಪಡೆದು ವೆನಿಸ್‌ನಲ್ಲಿ ಬಿಟ್ಟುಬರುವುದು ಹೇಗೆ?

ಬೆಂಗಳೂರಿನಿಂದ ಮಂಗಳೂರಿಗೆ ಬರೀ ಡ್ರಾಪ್ ಸಾಕು ಎಂದು ಟ್ಯಾಕ್ಸಿಯವರನ್ನು ಕೇಳಿದರೆ ಬಹಳ ಸಲ ಹೋಗಿಬರುವ ಎರಡೂ ಕಡೆಯ ಕಿಲೋಮೀಟರ್ ಲೆಕ್ಕ ಹಾಕಿಯೇ ದರ ಹೇಳುತ್ತಾರೆ. ನಾವು ಇಳಿದುಕೊಂಡ ಮೇಲೆ ಗಾಡಿ ಖಾಲಿಯಾಗಿ ಘಾಟಿ ಹತ್ತಿ ಊರು ಸೇರಬೇಕು. ಆ ಡೀಸೆಲ್ ದುಡ್ಡು ಯಾರಾದರೂ ಕೊಡಲೇಬೇಕಲ್ಲ. ಯುರೋಪಿನಲ್ಲಿ ಒಂದು ದೇಶದಲ್ಲಿ ಬಾಡಿಗೆ ಕಾರು ಪಡೆದು, ಗಡಿ ದಾಟಿ, ಇನ್ನೊಂದು ದೇಶದಲ್ಲಿ ಬಿಟ್ಟುಬರುವ ಒನ್‌ವೇ ಬಾಡಿಗೆಯ ಮೂಲವೂ ಇದೇ. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಯುರೋಪಿನ ಹಲವು ದೇಶಗಳಿಗೆ ಒಂದಾಗಿ ಸಲ್ಲುವ ಷೆಂಗೆನ್ ವೀಸಾ ಇದ್ದವರು ಗಡಿಯನ್ನು ಗಮನಿಸದೆಯೇ ದಾಟಿಬಿಡಬಹುದು, ಕಾರು ಹಾಗೆ ದಾಟುವುದಿಲ್ಲ. ಅದರ ನೋಂದಣಿ, ತೆರಿಗೆ, ವಿಮೆ ಎಲ್ಲವೂ ಒಂದೇ ದೇಶಕ್ಕೆ ಕಟ್ಟುಬಿದ್ದಿರುತ್ತವೆ. ಕಾರಿಗೂ ಒಂದು ತವರಿದೆ, ಎಲ್ಲಿ ಬಿಟ್ಟರೂ ಅದು ಕೊನೆಗೆ ಅಲ್ಲಿಗೇ ಮರಳಬೇಕು. ಇಷ್ಟು ಮನಸ್ಸಿನಲ್ಲಿದ್ದರೆ ಮುಂದೆ ಬರುವ ಒಂದೊಂದು ಶುಲ್ಕ, ಒಂದೊಂದು ಷರತ್ತು ಯಾಕಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಉದಾಹರಣೆಗೆ ಕರ್ನಾಟಕದಿಂದ ಹೋಗುವವರೂ ಜರ್ಮನಿಯಲ್ಲೇ ಇರುವ ಕನ್ನಡಿಗರೂ ಆಸೆಪಡುವ ಒಂದು ದಾರಿಯನ್ನೇ ತೆಗೆದುಕೊಳ್ಳೋಣ: ಮ್ಯೂನಿಕ್, ಇನ್ಸ್‌ಬ್ರುಕ್, ಬ್ರೆನ್ನರ್ ಕಣಿವೆ, ವೆರೋನಾ, ವೆನಿಸ್. ಸುಮಾರು 540 ಕಿಲೋಮೀಟರ್. ರಸ್ತೆ ಖಾಲಿಯಿದ್ದರೆ ಆರು ತಾಸು. ಈ ಆರು ತಾಸಿನಲ್ಲಿ ಮೂರು ದೇಶ, ಮೂರು ಬಗೆಯ ಟೋಲ್.

ಮೊದಲು ದುಡ್ಡಿನ ಮಾತು. ಜರ್ಮನಿಯೊಳಗೇ ಮ್ಯೂನಿಕ್‌ನಲ್ಲಿ ಪಡೆದು ಬರ್ಲಿನ್‌ನಲ್ಲಿ ಬಿಟ್ಟರೆ ಒನ್‌ವೇ ಶುಲ್ಕ ಹತ್ತಾರು ಯೂರೊ ಮಾತ್ರ, ಕೆಲವೊಮ್ಮೆ ಏನೂ ಇಲ್ಲ. ಗಡಿಯಾಚೆ ಬಿಟ್ಟರೆ ಅದೇ ಶುಲ್ಕ ಕೆಲವು ನೂರು ಯೂರೊಗೆ ಏರುತ್ತದೆ, ಸಾವಿರ ದಾಟುವುದೂ ಉಂಟು. ದೂರ ಇದಕ್ಕೆ ಕಾರಣವಲ್ಲ, ಬರ್ಲಿನ್ ಏನೂ ವೆನಿಸ್‌ಗಿಂತ ಹತ್ತಿರವಿಲ್ಲ. ಬರ್ಲಿನ್ ಶಾಖೆ ಆ ಕಾರನ್ನು ಮರುದಿನವೇ ಇನ್ನೊಬ್ಬರಿಗೆ ಬಾಡಿಗೆಗೆ ಕೊಡಬಹುದು. ವೆನಿಸ್ ಶಾಖೆಗೆ ಜರ್ಮನ್ ನಂಬರ್ ಪ್ಲೇಟಿನ ಕಾರನ್ನು ಊರಿನ ಗಿರಾಕಿಗಳಿಗೆ ಮಾಮೂಲಿನಂತೆ ಕೊಡಲು ಆಗುವುದಿಲ್ಲ. ನೋಂದಣಿ, ತೆರಿಗೆ, ವಿಮೆಯ ನಿಯಮಗಳು ಅಡ್ಡ ಬರುತ್ತವೆ. ಜರ್ಮನಿಯತ್ತ ಹೊರಟ ಗಿರಾಕಿ ಸಿಗುವವರೆಗೆ ಕಾರು ಅಲ್ಲಿ ಸುಮ್ಮನೆ ನಿಲ್ಲುತ್ತದೆ, ಇಲ್ಲವೇ ಚಾಲಕರನ್ನು ಕಳಿಸಿ ಅಥವಾ ಲಾರಿ ಮೇಲೆ ಹೇರಿ ವಾಪಸ್ ತರಿಸಬೇಕು. ಆ ಖರ್ಚನ್ನೇ ನಮ್ಮ ಬಿಲ್ಲಿಗೆ ಸೇರಿಸುತ್ತಾರೆ.

ಈ ಶುಲ್ಕ ಬುಕಿಂಗ್ ಸೈಟಿನ ಮೊದಲ ಪುಟದಲ್ಲಿ ಕಾಣದಿರುವುದೇ ಹೆಚ್ಚು. ದಿನದ ಬಾಡಿಗೆ ಕಣ್ಣಿಗೆ ಬೀಳುವಂತಿರುತ್ತದೆ, ಒನ್‌ವೇ ಮೊತ್ತ ಷರತ್ತುಗಳ ನಡುವೆ ‘ಕೌಂಟರ್‌ನಲ್ಲಿ ಪಾವತಿಸಬೇಕು’ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಮೌಲ್ಯವರ್ಧಿತ ತೆರಿಗೆ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ನೋಡಬೇಕು. ಜೊತೆಗೆ ಕೆಲವು ಕಂಪನಿಗಳು ಗಡಿ ದಾಟುವುದಕ್ಕೆಂದೇ ಬೇರೆ ಶುಲ್ಕ ಹಾಕುತ್ತವೆ. ಗಡಿ ದಾಟುವ ಅನುಮತಿ ಬೇರೆ, ಗಡಿಯಾಚೆ ಬಿಡುವ ಅನುಮತಿ ಬೇರೆ. ಒಂದು ಸಿಕ್ಕಿತೆಂದು ಇನ್ನೊಂದೂ ಸಿಕ್ಕಿತೆಂದುಕೊಂಡರೆ ಕೆಡುತ್ತದೆ.

ಮೊತ್ತ ಕಂಡು ಎದೆ ಧಸಕ್ಕೆಂದರೆ ಎರಡು ದಾರಿಗಳಿವೆ. ಪ್ರಯಾಣವನ್ನು ತಿರುಗಿಸಿ, ವೆನಿಸ್‌ನಲ್ಲಿ ಪಡೆದು ಮ್ಯೂನಿಕ್‌ನಲ್ಲಿ ಬಿಡುವ ದರವನ್ನೂ ಒಮ್ಮೆ ನೋಡಿ. ಅಲ್ಲಿ ಸಿಲುಕಿದ ಜರ್ಮನ್ ಕಾರು ಸಿಕ್ಕರೆ ದರ ಬಹಳ ಇಳಿಯಬಹುದು, ತವರಿಗೆ ಹೊರಟ ಕಾರಿಗೆ ಚಾಲಕರು ಸಿಕ್ಕರೆ ಕಂಪನಿಗೂ ಲಾಭವೇ. ಇನ್ನೊಂದು ದಾರಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು: ಗಡಿಯನ್ನು ರೈಲಿನಲ್ಲಿ ದಾಟುವುದು. ಬವೇರಿಯಾದ ಕೋಟೆ, ಕೆರೆಗಳನ್ನೆಲ್ಲ ಜರ್ಮನ್ ಕಾರಿನಲ್ಲಿ ಸುತ್ತಿ ಮ್ಯೂನಿಕ್‌ನಲ್ಲೇ ಬಿಟ್ಟುಬಿಡಿ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್, ಬೊಲ್ಜಾನೊ ಮೂಲಕ ವೆರೋನಾಕ್ಕೆ ನೇರ ರೈಲುಗಳಿವೆ. ವೆರೋನಾದಲ್ಲಿ ಇಟಲಿಯ ಕಾರು ಪಡೆದರೆ ಅಂತರರಾಷ್ಟ್ರೀಯ ಒನ್‌ವೇ ಶುಲ್ಕವೂ ಇಲ್ಲ, ಆಸ್ಟ್ರಿಯಾದ ಟೋಲೂ ಇಲ್ಲ. ಮೂವರ ರೈಲು ಟಿಕೆಟ್ ಸೇರಿಸಿದರೂ ಬಹುಪಾಲು ಇದೇ ಅಗ್ಗ. ಆಲ್ಪ್ಸ್ ನಡುವೆ ಕಾರು ಓಡಿಸುವುದೇ ಆಸೆ ಎನ್ನುವವರಿಗೆ ಮಾತ್ರ ಮುಂದಿನ ಲೆಕ್ಕ.

ಯಾವ ಕಾರು, ಯಾರ ಲೈಸೆನ್ಸ್

ಬುಕ್ ಮಾಡುವಾಗ ನಮಗೆ ಸಿಗುವುದು ಒಂದು ದರ್ಜೆ, ಇಂಥದ್ದೇ ಕಾರು ಎಂಬ ಭರವಸೆಯಲ್ಲ. ಜರ್ಮನಿಯ ಹಲವು ಕಂಪನಿಗಳು ಕಳ್ಳತನದ ಭಯದಿಂದ ಮರ್ಸಿಡಿಸ್, ಬಿಎಂಡಬ್ಲ್ಯು, ಆಡಿಯಂಥ ದುಬಾರಿ ಕಾರುಗಳನ್ನು ಕೆಲವು ದೇಶಗಳಿಗೆ ಒಯ್ಯಲು ಬಿಡುವುದಿಲ್ಲ. ಪೂರ್ವ ಯುರೋಪಿನ ದೇಶಗಳ ಜೊತೆ ಇಟಲಿಯೂ ಆ ಪಟ್ಟಿಯಲ್ಲಿ ಇರುವುದುಂಟು. ಕೌಂಟರ್‌ನವರು ‘ನಿಮಗೆ ಉಚಿತವಾಗಿ ಮೇಲಿನ ದರ್ಜೆಯ ಕಾರು ಕೊಡುತ್ತಿದ್ದೇವೆ’ ಎಂದಾಗ ಖುಷಿಯಿಂದ ಕೀಲಿ ತೆಗೆದುಕೊಂಡು ಹೊರಟವರು ಇಟಲಿ ಗಡಿ ದಾಟಿದ ಕ್ಷಣದಲ್ಲೇ ಒಪ್ಪಂದ ಮುರಿದಂತೆ. ಆಮೇಲೆ ಒಂದು ಗೀರು ಬಿದ್ದರೂ ಹಾನಿ ವಿಮೆ ಸಿಗದು. ಎದುರಿನವರಿಗಾದ ನಷ್ಟವನ್ನು ಕಾನೂನು ಪ್ರಕಾರ ವಿಮೆ ತುಂಬಿದರೂ ಆ ಹಣವನ್ನು ನಿಮ್ಮಿಂದ ವಸೂಲಿ ಮಾಡಲು ಹೊರಡಬಹುದು. ಅದಕ್ಕೇ ಕೌಂಟರ್‌ನಲ್ಲಿ ಹಾದುಹೋಗುವ ಪ್ರತಿ ದೇಶದ ಹೆಸರನ್ನೂ ಬಾಯಿಬಿಟ್ಟು ಹೇಳಿ, ಆಸ್ಟ್ರಿಯಾ, ಇಟಲಿ ಎರಡೂ ಒಪ್ಪಂದದ ಕಾಗದದಲ್ಲಿ ಬರುವಂತೆ ನೋಡಿಕೊಳ್ಳಿ. ಹಿಂತಿರುಗಿಸುವ ಶಾಖೆಯ ಪೂರ್ತಿ ವಿಳಾಸವೂ ಅದರಲ್ಲೇ ಇರಬೇಕು. ಒಂದೇ ಹೆಸರಿನ ಫಲಕ ಹಾಕಿಕೊಂಡ ಶಾಖೆಗಳನ್ನು ಕೆಲವೆಡೆ ಬೇರೆ ಫ್ರಾಂಚೈಸಿಗಳು ನಡೆಸುತ್ತವೆ. ಕಾಗದದಲ್ಲಿ ಇಲ್ಲದ ಶಾಖೆಗೆ ಹೋದರೆ ಕಾರನ್ನು ತೆಗೆದುಕೊಳ್ಳುವುದಿಲ್ಲ, ಇಲ್ಲವೇ ಅನುಮತಿಯಿಲ್ಲದ ಒನ್‌ವೇ ಎಂದು ಬೇರೆ ದಂಡ ಹಾಕುತ್ತಾರೆ.

ಕಾರ್ಡ್ ವಿಷಯವೂ ಇಲ್ಲೇ ಇತ್ಯರ್ಥವಾಗಲಿ. ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ಗಂಡನ ಲೈಸೆನ್ಸ್, ಹೆಂಡತಿಯ ಕಾರ್ಡ್ ಎಂದರೆ ಕೀಲಿ ಕೊಡುವುದಿಲ್ಲ. ಡೆಬಿಟ್ ಕಾರ್ಡನ್ನು ಹಲವರು ಒಪ್ಪುವುದಿಲ್ಲ. ಭಾರತದ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟು, ಮಿತಿ ಏರಿಸಿಕೊಂಡು, ಪಿನ್ ನೆನಪಿಟ್ಟುಕೊಂಡು ಹೋಗಿ. ಠೇವಣಿ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ. ಪಡೆದ ದೇಶ ಒಂದು, ಬಿಟ್ಟ ದೇಶ ಇನ್ನೊಂದಾದಾಗ ಲೆಕ್ಕ ಮುಗಿದು ಅದು ಬಿಡುಗಡೆಯಾಗಲು ವಾರಗಳೇ ಹಿಡಿಯಬಹುದು. ಪ್ರವಾಸದ ಉಳಿದ ಖರ್ಚಿಗೆ ಬೇರೆ ಕಾರ್ಡ್ ಇಟ್ಟುಕೊಳ್ಳುವುದು ಕ್ಷೇಮ. ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರ ವಿನಿಮಯ ದರ ಅನ್ವಯವಾಗುತ್ತದೆ, ಅದು ಸಾಮಾನ್ಯವಾಗಿ ನಮಗೆ ನಷ್ಟ.

ಭಾರತದಿಂದ ಪ್ರವಾಸಕ್ಕೆ ಹೋಗುವವರು ತಮ್ಮ ಡಿಎಲ್ ಜೊತೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, ಒಯ್ಯಬೇಕು. ಆಸ್ಟ್ರಿಯಾ, ಇಟಲಿ ಎರಡರಲ್ಲೂ ಹೊರಗಿನ ಲೈಸೆನ್ಸ್‌ಗೆ ಐಡಿಪಿ ಅಥವಾ ಅಧಿಕೃತ ಅನುವಾದ ಬೇಕೇ ಬೇಕು. ಜರ್ಮನಿಯ ಕೌಂಟರ್‌ನಲ್ಲಿ ಕಾರ್ಡ್ ಲೈಸೆನ್ಸ್ ನೋಡಿ ಸುಮ್ಮನೆ ಕಾರು ಕೊಟ್ಟರೂ ದಾರಿಯಲ್ಲಿ ನಿಲ್ಲಿಸುವ ಇಟಲಿಯ ಪೊಲೀಸರು ಸುಮ್ಮನಿರುವುದಿಲ್ಲ. ನಿಮ್ಮ ಆರ್‌ಟಿಒ ಕಚೇರಿಗೆ ಸಾರಥಿ ಪೋರ್ಟಲ್ ಮೂಲಕ ಫಾರಂ 4ಎ ಅರ್ಜಿ ಹಾಕಿ, 1000 ರೂಪಾಯಿ ಶುಲ್ಕ ಕಟ್ಟಿ, ಪಾಸ್‌ಪೋರ್ಟ್, ವೀಸಾ ಪ್ರತಿ ಕೊಟ್ಟರೆ ಐಡಿಪಿ ಸಿಗುತ್ತದೆ. ಅದಕ್ಕೆ ಹೆಚ್ಚೆಂದರೆ ಒಂದು ವರ್ಷದ ಆಯುಷ್ಯ. ಅದೊಂದೇ ಸಾಲದು, ಮೂಲ ಡಿಎಲ್ ಜೇಬಿನಲ್ಲಿರಬೇಕು.

ಜರ್ಮನಿಯಲ್ಲೇ ನೆಲೆಸಿದವರಿಗೆ ಲೆಕ್ಕ ಬೇರೆ. ವಾಸ ಶುರುವಾಗಿ ಆರು ತಿಂಗಳಾದ ಮೇಲೆ ಭಾರತದ ಡಿಎಲ್ ಅಲ್ಲಿ ನಡೆಯದು. ಊರಿಗೆ ಬಂದಾಗ ಹೊಸ ಐಡಿಪಿ ಮಾಡಿಸಿಕೊಂಡು ಹೋದರೂ ನಡೆಯದು, ಐಡಿಪಿ ಎಂಬುದು ಡಿಎಲ್‌ನ ಅನುವಾದವೇ ಹೊರತು ಬೇರೆ ಲೈಸೆನ್ಸ್ ಅಲ್ಲ. ಇದು ಗೊತ್ತಿಲ್ಲದೆ ಅಪಘಾತವಾದಾಗ ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧವಾಗಿಬಿಡುತ್ತದೆ. ಜರ್ಮನ್ ಲೈಸೆನ್ಸ್ ಮಾಡಿಸಿಕೊಳ್ಳುವವರೆಗೆ ರೈಲೇ ಸರಿ.

ವೀಸಾ ಬಗ್ಗೆ ಒಂದೇ ಮಾತು: ಷೆಂಗೆನ್ ವೀಸಾಗೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ಮ್ಯೂನಿಕ್‌ನಲ್ಲಿ ಇಳಿದು ಎರಡು ರಾತ್ರಿ ಇದ್ದು, ಇಟಲಿಯಲ್ಲಿ ಆರು ರಾತ್ರಿ ಇರುವವರು ಇಟಲಿಯ ವೀಸಾ ಕೇಳಬೇಕು. ಗಡಿಯಲ್ಲಿ ಗೇಟ್ ಇಲ್ಲವೆಂದು ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನೆಲ್ಲ ಭೂಗಡಿಗಳಲ್ಲಿ ತಾತ್ಕಾಲಿಕ ತಪಾಸಣೆ ಶುರುಮಾಡಿತು, ಬೇರೆ ದೇಶಗಳೂ ಆಗಾಗ ಮಾಡುತ್ತವೆ.

ಸ್ವಿಟ್ಜರ್‌ಲೆಂಡ್ ಯಾಕೆ ಬೇರೆ

ಇದೇ ಪ್ರವಾಸಕ್ಕೆ ಸ್ವಿಟ್ಜರ್‌ಲೆಂಡನ್ನು ಸೇರಿಸಿಕೊಳ್ಳಬೇಕೆನಿಸುವುದು ಸಹಜ. ಅದು ಷೆಂಗೆನ್‌ನಲ್ಲಿದೆ, ಆದರೆ ಐರೋಪ್ಯ ಒಕ್ಕೂಟದ ಸುಂಕದ ವಲಯದಲ್ಲಿ ಇಲ್ಲ. ಹಾಗಾಗಿ ಅಲ್ಲಿ ಮನುಷ್ಯರಿಗೆ ಗಡಿ ತೆಳುವಾಗಿದ್ದರೂ ಸರಕಿಗೆ ಗಡಿ ಗಟ್ಟಿಯಾಗಿಯೇ ಇದೆ. ಸುಂಕದವರ ದೃಷ್ಟಿಯಲ್ಲಿ ಕಾರೂ ಒಂದು ಸರಕು. ಜ್ಯೂರಿಕ್‌ನಲ್ಲಿ ವಾಸವಿರುವವರು ಅಗ್ಗವೆಂದು ಗಡಿಯಾಚೆ ಜರ್ಮನಿಯಲ್ಲಿ ಬಾಡಿಗೆ ಕಾರು ಪಡೆದು ಮನೆಗೆ ಓಡಿಸಿಕೊಂಡು ಬಂದರೆ, ಸುಂಕ ಇಲಾಖೆಯ ಅನುಮತಿಯಿಲ್ಲದೆ ವಿದೇಶಿ ಕಾರನ್ನು ಒಳತಂದಂತೆ. ಸುಂಕ, ತೆರಿಗೆ, ದಂಡ ಎಲ್ಲವೂ ಬೀಳಬಹುದು. ತಿರುಗಾಮುರುಗಾ ಕೂಡ ಹಾಗೆಯೇ: ಒಕ್ಕೂಟದಲ್ಲಿ ನೆಲೆಸಿದವರು ಸ್ವಿಸ್ ಪ್ಲೇಟಿನ ಬಾಡಿಗೆ ಕಾರನ್ನು ಒಕ್ಕೂಟದೊಳಗೆ ಓಡಿಸಲು ಬಿಗಿ ಷರತ್ತುಗಳಿವೆ. ಇಲ್ಲಿ ಮುಖ್ಯವಾಗುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಲ್ಲ, ವಾಸ ಎಲ್ಲಿ ಎಂಬುದು. ಮೈಸೂರಿನಿಂದ ಹತ್ತು ದಿನಕ್ಕೆ ಬಂದ ಪ್ರವಾಸಿ ಎರಡೂ ಕಡೆಯ ನಿವಾಸಿಯಲ್ಲವಾದ್ದರಿಂದ ಕಂಪನಿಯ ಅನುಮತಿ ಇದ್ದರೆ ಸಾಕು. ಅದೇ ಕಾರನ್ನು ಜ್ಯೂರಿಕ್‌ನಲ್ಲಿರುವ ಮಗನಿಗೆ ‘ನೀನು ಓಡಿಸಪ್ಪ’ ಎಂದು ಕೊಟ್ಟರೆ ನಿಯಮ ಬದಲಾಗುತ್ತದೆ.

ಗಡಿ ಎಷ್ಟು ಸಣ್ಣ ಜಾಗದಲ್ಲಿ ಎಡವಿಸುತ್ತದೆ ಎಂಬುದಕ್ಕೆ ಬಾಸೆಲ್ ವಿಮಾನ ನಿಲ್ದಾಣವೇ ಸಾಕ್ಷಿ. ನಿಲ್ದಾಣ ಇರುವುದು ಫ್ರಾನ್ಸ್ ನೆಲದಲ್ಲಿ, ಕಟ್ಟಡ ಒಂದೇ, ಆದರೆ ಒಳಗೆ ಫ್ರೆಂಚ್ ಭಾಗ, ಸ್ವಿಸ್ ಭಾಗ ಎಂದು ಎರಡು. ಎರಡರಲ್ಲೂ ಬಾಡಿಗೆ ಕಾರಿನ ಕೌಂಟರ್‌ಗಳಿವೆ. ಫ್ರೆಂಚ್ ಭಾಗದಲ್ಲಿ ಪಡೆದು ಸ್ವಿಸ್ ಭಾಗದಲ್ಲಿ ಬಿಟ್ಟರೆ ಅದು ಅಂತರರಾಷ್ಟ್ರೀಯ ಒನ್‌ವೇ! ಮರಳುವಾಗ ಜಿಪಿಎಸ್‌ನಲ್ಲಿ ಬರೀ ವಿಮಾನ ನಿಲ್ದಾಣ ಎಂದು ಹಾಕಿದರೆ ತಪ್ಪು ಬದಿಗೆ ತಲುಪಿ, ಮತ್ತೆ ಸುತ್ತು ಹಾಕಿ ಇನ್ನೊಂದು ಬದಿಗೆ ಬರಬೇಕಾಗುತ್ತದೆ. ವಿಮಾನದ ಹೊತ್ತಿಗೆ ಅದು ದೊಡ್ಡ ಸಂಕಟ. ಜಿನೀವಾ ನಿಲ್ದಾಣದಲ್ಲೂ ಫ್ರೆಂಚ್ ಭಾಗವೊಂದಿದೆ, ಅಲ್ಲಿಯೂ ಇದೇ ಎಚ್ಚರ ಬೇಕು.

ರಸ್ತೆ, ಟೋಲ್, ಕ್ಯಾಮೆರಾ

ಜರ್ಮನಿಯ ಆಟೋಬಾನ್‌ನಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಎಂಬ ಅವಧಿ ಪಾಸ್ ಬೇಕು. 2025ರಲ್ಲಿ ಒಂದು ದಿನದ್ದಕ್ಕೆ 9.30 ಯೂರೊ, ಹತ್ತು ದಿನದ್ದಕ್ಕೆ 12.40 ಯೂರೊ ಇತ್ತು, ದರ ಪ್ರತಿ ವರ್ಷ ಸ್ವಲ್ಪ ಏರುತ್ತದೆ. ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿದ್ದು, ಹಾಗಾಗಿ ಬಾಡಿಗೆ ಕಾರಿಗೆ ಮನೆಯಿಂದಲೇ ಕೊಳ್ಳಲು ಬರುವುದಿಲ್ಲ. ಕಾರು ಕೈಗೆ ಬಂದ ಮೇಲೆ, ಪಾರ್ಕಿಂಗ್‌ನಲ್ಲೇ ನಿಂತು, ಪ್ಲೇಟ್ ನೋಡಿ, ಆಸ್ಟ್ರಿಯಾದ ಹೆದ್ದಾರಿ ಸಂಸ್ಥೆ ಆಸ್‌ಫಿನಾಗ್‌ನ ಸ್ವಂತ ತಾಣದಲ್ಲೇ ಕೊಳ್ಳಿ. ಅದೇ ರೀತಿ ಕಾಣುವ ಮಧ್ಯವರ್ತಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಇಲ್ಲಿ ಆಗುವ ತಪ್ಪು ಬಹಳ ಸಣ್ಣದು: ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ, ಅಥವಾ ನೋಂದಣಿ ದೇಶ ಜರ್ಮನಿ ಎಂದಿರಬೇಕಾದಲ್ಲಿ ಆಸ್ಟ್ರಿಯಾ. ಕ್ಯಾಮೆರಾ ಅದನ್ನು ಬೇರೆ ಕಾರೆಂದೇ ಓದುತ್ತದೆ, ದುಡ್ಡು ಕೊಟ್ಟೂ ಪಾಸ್ ಇಲ್ಲದಂತಾಗುತ್ತದೆ. ಕಾರು ಮ್ಯೂನಿಕ್‌ನಲ್ಲಿ ಸಿಕ್ಕಿತೆಂದು ಪ್ಲೇಟ್ ಮ್ಯೂನಿಕ್‌ದೇ ಆಗಿರಬೇಕಿಲ್ಲ, ಬಾಡಿಗೆ ಕಾರುಗಳು ಹ್ಯಾಂಬರ್ಗ್ ಪ್ಲೇಟಿನಲ್ಲೂ ಬರುತ್ತವೆ.

ಜರ್ಮನಿಯ ಗಡಿಯಿಂದ ಕುಫ್‌ಸ್ಟೈನ್ ದಕ್ಷಿಣ ನಿರ್ಗಮನದವರೆಗಿನ ತುಂಡಿಗೆ 2019ರ ಡಿಸೆಂಬರ್ 15ರಿಂದ ವಿನ್ಯೆಟ್ ಬೇಡ. ಅಲ್ಲಿಂದ ಇನ್ಸ್‌ಬ್ರುಕ್‌ವರೆಗೆ ಬೇಕು. ಇನ್ಸ್‌ಬ್ರುಕ್ ದಾಟಿ ಬ್ರೆನ್ನರ್ ಏರುವ ಎ13 ರಸ್ತೆಗೆ ವಿನ್ಯೆಟ್ ಬದಲು ಬೇರೆ ಟೋಲ್, ಒಂದು ಸಲಕ್ಕೆ ಸುಮಾರು 12 ಯೂರೊ. ಅದನ್ನು ಆನ್‌ಲೈನ್‌ನಲ್ಲಿ ಪ್ಲೇಟ್ ಸಂಖ್ಯೆಗೆ ಕೊಳ್ಳಬಹುದು, ಇಲ್ಲವೇ ಶ್ಯೋನ್‌ಬೆರ್ಗ್ ಟೋಲ್‌ನಲ್ಲಿ ಕೊಡಬಹುದು. ಬರೀ ವಿನ್ಯೆಟ್ ಕೊಂಡು ಎಲ್ಲ ಮುಗಿಯಿತೆಂದುಕೊಳ್ಳುವುದು ಇಲ್ಲಿ ಮಾಮೂಲಿ ತಪ್ಪು. ಅದೇ ರಸ್ತೆಯ ಲೂಗ್ ಸೇತುವೆ ಹಳೆಯದಾಗಿ ಮರುನಿರ್ಮಾಣಕ್ಕೆ ಬಂದಿದೆ. ಭಾರ ತಗ್ಗಿಸಲೆಂದು 2025ರ ಜನವರಿಯಿಂದ ದಿಕ್ಕಿಗೆ ಒಂದೇ ಲೇನ್ ಮಾಡಿದ್ದಾರೆ, ದಟ್ಟಣೆಯ ದಿನಗಳಲ್ಲಿ ಮಾತ್ರ ಎರಡು ಬಿಡುತ್ತಾರೆ. ಶನಿವಾರ ಬೆಳಗ್ಗೆ ಹೊರಟು ಸಂಜೆ ಶಾಖೆ ಮುಚ್ಚುವ ಮುನ್ನ ವೆನಿಸ್ ತಲುಪುತ್ತೇನೆಂಬ ಲೆಕ್ಕ ತಲೆಕೆಳಗಾಗುವುದು ಇಲ್ಲಿಯೇ. ಇನ್ ನದಿಯ ಕಣಿವೆಯ ಎ12 ಹೆದ್ದಾರಿಯಲ್ಲಿ ವಾಯುಮಾಲಿನ್ಯ ತಡೆಗೆಂದು 100 ಕಿಲೋಮೀಟರ್ ವೇಗಮಿತಿ ಇರುತ್ತದೆ. ಫಲಕ ನೋಡದೆ 130 ಎಂದುಕೊಂಡು ಓಡಿಸಿದರೆ ದಂಡ ಬಾಡಿಗೆ ಕಂಪನಿಯ ಮೂಲಕ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ವಾಹನ ನಿಧಾನಿಸಿದ ಕೂಡಲೇ ಜರ್ಮನಿ, ಆಸ್ಟ್ರಿಯಾ ಎರಡರಲ್ಲೂ ಎಡ ಸಾಲಿನವರು ಇನ್ನೂ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸ್‌ಗೆ ನಡುದಾರಿ ಬಿಡಬೇಕು. ಆಂಬುಲೆನ್ಸ್ ಸದ್ದು ಕೇಳಿದ ಮೇಲಲ್ಲ, ನಿಂತಾಗಲೇ.

ಇಟಲಿಯೊಳಗೆ ಇಳಿದ ಮೇಲೆ ವಿಪಿತೇನೊ ಬಳಿಯ ಟೋಲ್‌ನಲ್ಲಿ ಚೀಟಿ ತೆಗೆದುಕೊಳ್ಳಬೇಕು. ಎ22, ಆಮೇಲೆ ಎ4 ಹಿಡಿದು ಮೆಸ್ತ್ರೆ ಸಮೀಪದ ಟೋಲ್ ತಲುಪಿದಾಗ ಓಡಿದ ದೂರಕ್ಕೆ ಹಣ. ಚೀಟಿ ಕಳೆದರೆ ಅತಿ ದೂರದ ದ್ವಾರದಿಂದ ಬಂದಂತೆ ಲೆಕ್ಕ ಹಾಕುತ್ತಾರೆ, ಅದನ್ನು ಕಪ್ ಇಡುವ ಜಾಗದಲ್ಲಿ ಎಸೆಯಬೇಡಿ. ಹಳದಿ ಗುರುತಿನ ಟೆಲಿಪಾಸ್ ಸಾಲಿಗೆ ಹೋಗಬಾರದು, ಅದು ನಮ್ಮ ಫಾಸ್ಟ್ಯಾಗ್‌ನಂಥದ್ದು ಇದ್ದವರಿಗೆ. ಕಾರ್ಡ್ ನಡೆಯದೆ ಯಂತ್ರದ ಮುಂದೆ ಸಿಕ್ಕಿಕೊಂಡರೆ ಹಿಂದಕ್ಕೆ ಬರುವ ಸಾಹಸ ಬೇಡ. ಸಹಾಯದ ಬಟನ್ ಒತ್ತಿದರೆ ಹಣ ಬಾಕಿಯ ಚೀಟಿ ಬರುತ್ತದೆ, 15 ದಿನದೊಳಗೆ ಕಟ್ಟಬಹುದು.

ಚಳಿಗಾಲದಲ್ಲಿ ಟೈರನ್ನು ಕೇಳಿಯೇ ಪಡೆಯಿರಿ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮ, ಮಂಜುಗಡ್ಡೆ ಇರುವಾಗ ಚಳಿಗಾಲದ ಟೈರ್ ಕಡ್ಡಾಯ. ಇಟಲಿಯ ಎ22ರಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಂಥ ಟೈರ್ ಅಥವಾ ಹಿಮದಲ್ಲಿ ಟೈರಿಗೆ ಸುತ್ತುವ ಚೈನ್ ಕಾರಿನಲ್ಲಿ ಇರಬೇಕು. ಟೈರಿನ ಪಕ್ಕದಲ್ಲಿ ಪರ್ವತದೊಳಗೆ ಹಿಮದ ಹರಳಿನ ಚಿತ್ರವಿದೆಯೇ ನೋಡಿ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಆ ಗುರುತಿದ್ದದ್ದಕ್ಕೇ ಮಾನ್ಯತೆ. ಇಟಲಿಯ ತಗ್ಗು ಊರುಗಳಲ್ಲಿ ಕಾರು ಪಡೆದು ಉತ್ತರಕ್ಕೆ ಹೊರಡುವವರಿಗೆ ಇದು ಹೆಚ್ಚು ಕಾಡುತ್ತದೆ. ಡಿಕ್ಕಿಯಲ್ಲಿ ತ್ರಿಕೋನ ಫಲಕ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಮೂರೂ ಇರಬೇಕು.

ಅಪಘಾತವಾದರೆ 112ಕ್ಕೆ ಕರೆ ಮಾಡಿ. ಗಾಯವಾಗಿಲ್ಲದಿದ್ದರೂ ಐರೋಪ್ಯ ಅಪಘಾತ ವರದಿ ನಮೂನೆ ತುಂಬಿ ಇಬ್ಬರೂ ಸಹಿ ಹಾಕಿ. ಅದರ ಸೊಗಸೆಂದರೆ ಎಲ್ಲ ಭಾಷೆಯಲ್ಲೂ ಅಂಕಣಗಳ ಸಂಖ್ಯೆ ಒಂದೇ, ನಿಮ್ಮ ಕೈಯಲ್ಲಿ ಇಂಗ್ಲಿಷ್ ಪ್ರತಿ, ಎದುರಿನವರ ಕೈಯಲ್ಲಿ ಇಟಾಲಿಯನ್ ಪ್ರತಿ ಇದ್ದರೂ ಯಾವ ಅಂಕಣ ಏನೆಂದು ತಿಳಿಯುತ್ತದೆ. ಕಾರು ಕೆಟ್ಟು ಆಸ್ಟ್ರಿಯಾದಲ್ಲಿ ನಿಂತರೆ ಬದಲಿಗೆ ಸಿಗುವುದು ಆಸ್ಟ್ರಿಯಾದ ಕಾರು. ಅಲ್ಲಿಗೆ ತವರೇ ಬದಲಾಯಿತು! ವೆನಿಸ್‌ನಲ್ಲಿ ಬಿಡುವ ಅನುಮತಿ ಹೊಸ ಕಾರಿಗೂ ಇದೆ, ಶುಲ್ಕ ಹೆಚ್ಚಾಗದು ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಂಡೇ ಮುಂದೆ ಹೋಗಿ. ಹೊಸ ಪ್ಲೇಟಿಗೆ ವಿನ್ಯೆಟ್ ಇದೆಯೇ ಎಂಬುದನ್ನೂ ನೋಡಿ, ಹಳೆಯದು ಹಳೆಯ ಕಾರಿನ ಜೊತೆಗೇ ಹೋಯಿತು.

ಬಿಟ್ಟುಬರುವಾಗ

ವೆನಿಸ್ ನಗರದೊಳಗೆ ಕಾರು ಹೋಗುವುದಿಲ್ಲ. ರಸ್ತೆ ಮುಗಿಯುವುದು ಸೇತುವೆ ದಾಟಿದ ಮೇಲೆ ಸಿಗುವ ಪಿಯಾತ್ಸಾಲೆ ರೋಮಾದಲ್ಲಿ. ಬಾಡಿಗೆ ಶಾಖೆಗಳು ಅಲ್ಲಿವೆ, ಮಾರ್ಕೊ ಪೋಲೊ ವಿಮಾನ ನಿಲ್ದಾಣದಲ್ಲೂ ಇವೆ. ಎರಡನ್ನೂ ‘ವೆನಿಸ್’ ಎಂದೇ ಕರೆಯುತ್ತಾರೆ, ಒಪ್ಪಂದದಲ್ಲಿ ಯಾವುದಿದೆಯೋ ಅಲ್ಲಿಗೇ ಹೋಗಿ. ಶಾಖೆ ಮುಚ್ಚುವ ಸಮಯ, ಭಾನುವಾರದ ರಜೆ ಮೊದಲೇ ನೋಡಿಕೊಳ್ಳಿ. ಮುಚ್ಚಿದ ಮೇಲೆ ಕೀಲಿಯನ್ನು ಡಬ್ಬಿಗೆ ಹಾಕಿ ಹೋದರೆ, ಸಿಬ್ಬಂದಿ ಬಂದು ಕಾರು ನೋಡುವವರೆಗೆ ಆಗುವ ಹಾನಿಯ ಹೊಣೆ ನಿಮ್ಮದೇ. ಬಾಡಿಗೆ 24 ತಾಸಿನ ಲೆಕ್ಕವಾದ್ದರಿಂದ ಬೆಳಗ್ಗೆ ಹತ್ತಕ್ಕೆ ಪಡೆದದ್ದನ್ನು ಮಧ್ಯಾಹ್ನ ಬಿಟ್ಟರೆ ಇನ್ನೊಂದು ದಿನದ ಬಾಡಿಗೆ ಬೀಳುತ್ತದೆ.

ಟ್ಯಾಂಕ್ ತುಂಬಿಸುವ ಕೊನೆಯ ಬಂಕ್ ಶಾಖೆಯಿಂದ ಹತ್ತು ಕಿಲೋಮೀಟರ್ ಒಳಗಿರಲಿ, ರಸೀದಿ ಇಟ್ಟುಕೊಳ್ಳಿ. ಜರ್ಮನ್ ಕಾರಿನ ಮುಚ್ಚಳದಲ್ಲಿ ‘ಸೂಪರ್’ ಎಂದಿದ್ದರೆ ಇಟಲಿಯಲ್ಲಿ ಅದು ‘ಬೆಂಜೀನಾ’, ಡೀಸೆಲ್ ಅಲ್ಲಿ ‘ಗಸೋಲಿಯೊ’. ತಪ್ಪು ಇಂಧನ ಹಾಕಿದ ಹಾನಿಗೆ ಸಾಮಾನ್ಯವಾಗಿ ಯಾವ ವಿಮೆಯೂ ಬರುವುದಿಲ್ಲ. ಕಾರಿನ ನಾಲ್ಕೂ ಬದಿ, ಚಕ್ರ, ಗಾಜು, ಒಳಗಿನ ಸೀಟು, ಮೀಟರಿನ ಕಿಲೋಮೀಟರ್, ಇಂಧನ ಮುಳ್ಳು ಎಲ್ಲದರ ಫೋಟೊ ತೆಗೆಯಿರಿ. ಅವೇ ಫೋಟೊಗಳನ್ನು ಮ್ಯೂನಿಕ್‌ನಲ್ಲಿ ಪಡೆಯುವಾಗಲೂ ತೆಗೆದಿರಬೇಕು. ಇಟಲಿಯ ಸಿಬ್ಬಂದಿಗೆ ಮ್ಯೂನಿಕ್‌ನಲ್ಲಿ ಕಾರು ಹೇಗಿತ್ತೆಂದು ಗೊತ್ತಿರುವುದಿಲ್ಲ, ಕಾಗದದಲ್ಲಿ ಬರೆಯದ ಗೀರು ನಿಮ್ಮ ಲೆಕ್ಕಕ್ಕೇ ಬರುತ್ತದೆ. ಹಿಂತಿರುಗಿಸಿದ ಚೀಟಿಗೆ ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ.

ಇಷ್ಟಾದ ಮೇಲೂ ಒಂದು ಬಾಕಿ ಉಳಿದಿರಬಹುದು. ವೆರೋನಾ, ಫ್ಲಾರೆನ್ಸ್‌ನಂಥ ಊರುಗಳ ಹಳೆಯ ಪೇಟೆಗಳಲ್ಲಿ ಜೆಡ್‌ಟಿಎಲ್ ಎಂಬ ನಿರ್ಬಂಧಿತ ವಲಯಗಳಿವೆ. ತಡೆಯುವ ಗೇಟ್ ಇರುವುದಿಲ್ಲ, ಕ್ಯಾಮೆರಾ ಪ್ಲೇಟ್ ಓದುತ್ತದೆ ಅಷ್ಟೇ. ವಲಯದೊಳಗಿನ ಹೋಟೆಲ್‌ನಲ್ಲಿ ಉಳಿಯುವವರು ಪ್ಲೇಟ್ ಸಂಖ್ಯೆಯನ್ನು ಹೋಟೆಲ್‌ನವರಿಗೆ ಕೊಟ್ಟು ನೋಂದಾಯಿಸಲು ಹೇಳಬೇಕು. ಅನುಮತಿಯಿಲ್ಲದೆ ಒಳಹೊಕ್ಕರೆ ದಂಡ. ಮೊದಲು ಬಾಡಿಗೆ ಕಂಪನಿ, ಚಾಲಕರ ವಿವರವನ್ನು ನಗರಾಡಳಿತಕ್ಕೆ ಕೊಟ್ಟದ್ದಕ್ಕೆಂದು ನಿಮ್ಮ ಕಾರ್ಡಿನಿಂದ ಸೇವಾಶುಲ್ಕ ಮುರಿದುಕೊಳ್ಳುತ್ತದೆ. ಅದು ದಂಡವಲ್ಲ, ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ. ವಿದೇಶದಲ್ಲಿರುವವರಿಗೆ ನೋಟಿಸ್ ಕಳಿಸಲು ಇಟಲಿಯ ಕಾನೂನು 360 ದಿನ ಕೊಟ್ಟಿದೆ. ಕೈಗೆ ಬಂದ ಐದು ದಿನದೊಳಗೆ ಕಟ್ಟಿದರೆ ಶೇ. 30 ಕಡಿತವಿದೆ. ಹಾಗಾಗಿ ಒಪ್ಪಂದದ ಪ್ರತಿ, ವಿನ್ಯೆಟ್ ರಸೀದಿ, ಟೋಲ್ ಚೀಟಿ, ಹಿಂತಿರುಗಿಸಿದ ಚೀಟಿ, ಫೋಟೊಗಳು ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಒಂದು ವರ್ಷಕ್ಕೂ ತುಸು ಹೆಚ್ಚು ಕಾಲ ಜೋಪಾನವಾಗಿ ಇಟ್ಟಿರಿ.